‘ಔಷಧ ಐತಿ’ ಎಂಬ ಒಂದು ಸಾಲು

ಅಕ್ಕಾರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ಆಂಬುಲೆನ್ಸ್ ಓಡಿಸುವ ಕುಡಚಿಯ ದಸ್ತಗೀರ. “ಮೂರ ದಿನಾ ಆತಂತ್ರಿ. ನಿಮಗ ಯಾರೂ ತಿಳಿಸಿಲ್ಲೇನ್ರಿ?” ಎಂದ. ಇಲ್ಲ ಎಂದೆ. “ಹೌದ ಬಿಡ್ರಿ, ನಿಮಗ ಯಾರ ತಿಳಸಬೇಕು” ಎಂದು ಫೋನ್ ಇಟ್ಟ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಕಡೆ ಬರೆಯದೆ ಇದ್ದವನು ನಾನು. ಈಗ ಇಲ್ಲಿ ಬರೆದು ಋಣ ತೀರಿತೆಂದು ಕೂರುವುದು ಬೇಡ. ಆಫೀಸಿನಲ್ಲಿ ಎಲ್ಲರೂ ಅಕ್ಕಾರು ಎನ್ನುತ್ತಿದ್ದೆವು, ಹಾಗೇ ಇರಲಿ.

ಗಿಡ್ಡ ಆಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ತಿಳಿಬಣ್ಣದ ನೂಲಿನ ಸೀರೆ. ಕನ್ನಡಕ ಯಾವಾಗಲೂ ಹಣೆಯ ಮೇಲೆ. ಓದುವಾಗ ಮಾತ್ರ ಕಣ್ಣಿಗೆ ಇಳಿಯುತ್ತಿತ್ತು. ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿದ್ದರಿಂದ ಬಲಗೈಯ ಕಿರುಬೆರಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಬಟ್ಟೆಯ ಚೀಲದಲ್ಲಿ ಒಂದು ಕಟ್ಟು ಕಾರ್ಡುಗಳಿರುತ್ತಿದ್ದವು. ಮದುವೆಯ ಆಮಂತ್ರಣ ಪತ್ರಿಕೆಗಳನ್ನು ಅಂಗೈಯಗಲಕ್ಕೆ ಕತ್ತರಿಸಿ, ಹಿಂದಿನ ಖಾಲಿ ಬದಿಯಲ್ಲಿ ಬರೆಯುತ್ತಿದ್ದರು. ಕೆಲವಕ್ಕೆ ಮೂಲೆಯಲ್ಲಿ ಅರಿಷಿಣದ ಗುರುತು ಇನ್ನೂ ಇರುತ್ತಿತ್ತು. ನಮ್ಮ ತಂಡ ಕಟ್ಟಿದ ಸಾಫ್ಟ್‌ವೇರ್ ಎಲ್ಲ ಆ ಕಾರ್ಡುಗಳಿಂದ ಹುಟ್ಟಿದ್ದು.

ನಮ್ಮ ಆಫೀಸು ಚಿಕ್ಕೋಡಿಯಲ್ಲಿ, ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ನಾವು ಆರು ಮಂದಿ. ನಾನು ಕಬ್ಬೂರಿನವನು, ದಿನಾ ಬೈಕಿನಲ್ಲಿ ಬರುತ್ತಿದ್ದೆ. ಮಾಲೀಕರು ಕೊಲ್ಹಾಪುರದಲ್ಲಿ ಓದಿ, ಪುಣೆಯಲ್ಲಿ ಕೆಲ ವರ್ಷ ದುಡಿದು ವಾಪಸು ಬಂದವರು. ಅಲ್ಲಿಂದ ಅವರು ತಂದದ್ದು ಎರಡು: ಒಂದು ದೊಡ್ಡ ಬಿಳಿ ಬೋರ್ಡು, ಇನ್ನೊಂದು ‘ಅಜೈಲ್’ ಎನ್ನುವ ಪದ್ಧತಿ. ಎರಡು ವಾರಕ್ಕೊಂದು ಸ್ಪ್ರಿಂಟ್. ಆ ಎರಡು ವಾರದಲ್ಲಿ ಸಾಫ್ಟ್‌ವೇರಿನ ಒಂದು ತುಂಡನ್ನು ಮುಗಿಸಿ ಗಿರಾಕಿಗೆ ತೋರಿಸಬೇಕು. ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ನಿಂತುಕೊಂಡೇ ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ ಎಂದು ಹೇಳಬೇಕು. ಗಿರಾಕಿಗೆ ಬೇಕಾದ ಒಂದೊಂದು ಸಂಗತಿಯನ್ನೂ ಒಂದೊಂದು ‘ಸ್ಟೋರಿ’ಯಾಗಿ ಬರೆಯಬೇಕು. ಜನರ ಜೇಬಿನಲ್ಲಿ ಇನ್ನೂ ಗುಂಡಿ ಒತ್ತುವ ಫೋನುಗಳಿದ್ದ ಕಾಲ ಅದು. ಗಿರಾಕಿಗಳೆಂದರೆ ಸಕ್ಕರೆ ಕಾರ್ಖಾನೆ, ಹಾಲಿನ ಸಂಘ, ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗಳು.

ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದ ಅಕ್ಕಾರನ್ನು ಮಾಲೀಕರು ಕರೆತಂದದ್ದು ಪರದೆಯ ಮೇಲಿನ ಕನ್ನಡ ಅಕ್ಷರಗಳನ್ನು ತಪ್ಪಿಲ್ಲದೆ ಹೊಡೆಯಲಿಕ್ಕೆ, ಅಷ್ಟೇ. ಮೊದಲ ವಾರವೇ ಬೋರ್ಡಿನ ಮುಂದೆ ನಿಂತು ಕೇಳಿದರು: “ಸ್ಟೋರಿ ಅಂದ್ರ ಏನ್ರಿ ಇದು? ಕಥಿ ಬರೀತೀರೇನು?”

ಮಾಲೀಕರು ವಿವರಿಸಿದರು. ಯಾರಿಗೆ ಬೇಕು, ಏನು ಬೇಕು, ಯಾತಕ್ಕೆ ಬೇಕು, ಮೂರನ್ನೂ ಒಂದೇ ವಾಕ್ಯದಲ್ಲಿ ಬರೆಯಬೇಕು ಎಂದು.

“ಅಂದ್ರ ಅರ್ಜಿ ಇದ್ದಂಗ” ಎಂದರು ಅಕ್ಕಾರು. ಬೋರ್ಡಿನ ಮೇಲಿದ್ದ ಹದಿನೈದು ಸ್ಟೋರಿಗಳನ್ನು ಕನ್ನಡಕ ಇಳಿಸಿ ಓದಿದರು. “ಇದರಾಗ ಯಾವ ಅರ್ಜಿನೂ ಮಂಜೂರ ಆಗಾಂಗಿಲ್ರಿ. ಯಾತಕ್ಕ ಅನ್ನೋದನ್ನ ಎಲ್ಲಾರೂ ತಿಂದಬಿಟ್ಟೀರಿ.”

ನಾವು ನಕ್ಕೆವು. ಅವರು ನಗಲಿಲ್ಲ. ಮರುದಿನದಿಂದ ಚೀಲದಲ್ಲಿ ಕಾರ್ಡುಗಳು ಬಂದವು.

ಒಂದು ಸಂಗತಿ ಹೇಳುತ್ತೇನೆ. ಸಕ್ಕರೆ ಕಾರ್ಖಾನೆಯೊಂದಕ್ಕೆ ಮಾಡುತ್ತಿದ್ದ ಕೆಲಸದಲ್ಲಿ ಒಂದು ಸಾಲಿತ್ತು: ‘ಕಬ್ಬು ಬಂದಾಗ ರೈತನ ಫೋನಿಗೆ ಸಂದೇಶ ಹೋಗಬೇಕು.’ ನಾನು ಅರ್ಧ ದಿನದ ಕೆಲಸ ಎಂದೆ. ಅಕ್ಕಾರು ಎಲ್ಲರ ಕೈಗೂ ಒಂದೊಂದು ಖಾಲಿ ಕಾರ್ಡು ಕೊಟ್ಟು, “ಕಬ್ಬು ಬಂತು ಅಂದ ಕೂಡಲೇ ನಿಮ್ಮ ಕಣ್ಣಾಗ ಏನ ಕಾಣತೈತಿ, ಬರೀರಿ” ಎಂದರು. ನಾನು ಟ್ರ್ಯಾಕ್ಟರು ಗೇಟಿನೊಳಗೆ ಬರುವುದನ್ನು ಬರೆದೆ. ನಿಪ್ಪಾಣಿಯ ಸುಜಾತಾ, ನಾವು ಮಾಡಿದ್ದನ್ನು ಪರೀಕ್ಷೆ ಮಾಡಿ ನೋಡುವವಳು, ತೂಕದ ಕಟ್ಟೆ ಎಂದು ಬರೆದಿದ್ದಳು. ಇನ್ನೊಬ್ಬ ಕಬ್ಬು ಇಳಿಸುವ ಜಾಗ ಎಂದಿದ್ದ. ಆರು ಜನರಲ್ಲಿ ನಾಲ್ಕು ಬೇರೆ ಬೇರೆ ಉತ್ತರ. ಅಕ್ಕಾರು ನಮ್ಮನ್ನು ಬಸ್ಸು ಹತ್ತಿಸಿ ಕಾರ್ಖಾನೆಯ ಅಂಗಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಗೇಟು ದಾಟಿದ ಗಾಡಿಗಳು ಎರಡು ದಿನದಿಂದ ಸಾಲಿನಲ್ಲಿ ನಿಂತಿದ್ದವು. ಕಬ್ಬು ಒಣಗುತ್ತಿತ್ತು. ಒಬ್ಬ ರೈತ ನಮ್ಮನ್ನು ಕಾರ್ಖಾನೆಯವರೆಂದು ತಿಳಿದು, “ಬಂದೈತಿ ಬಂದೈತಿ ಅಂತೀರಿ, ಎಲ್ಲಿಗಿ ಬಂದೈತ್ರಿ? ರಸ್ತೇದಾಗ ನಿಂತೈತಿ” ಎಂದು ರೇಗಿದ. ವಾಪಸು ಬಂದು ಅಕ್ಕಾರು ಆ ಒಂದು ಸಾಲನ್ನು ಮೂರು ಕಾರ್ಡಾಗಿ ಬರೆದರು. ಗೇಟು, ತೂಕ, ಇಳಿಸುವುದು. ಪ್ರತಿಯೊಂದಕ್ಕೂ ಬೇರೆ ಸಂದೇಶ, ಕೆಳಗೆ ಒಂದೊಂದು ಉದಾಹರಣೆ. ಅದಾದ ಮೇಲೆ ನಮ್ಮಲ್ಲಿ ಆ ಬಗ್ಗೆ ಒಂದು ಜಗಳವೂ ಆಗಲಿಲ್ಲ, ಒಂದು ಗೆರೆಯನ್ನೂ ಅಳಿಸಿ ಬರೆಯಬೇಕಾಗಲಿಲ್ಲ. ಅಲ್ಲಿಯ ತನಕ ಅರ್ಧ ಸ್ಪ್ರಿಂಟು ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕೆಡವುವುದರಲ್ಲೇ ಹೋಗುತ್ತಿತ್ತು.

ಕಾರ್ಡು ಬರೆದ ಮೇಲೆ ಅವರದೊಂದು ನಿಯಮ. ಎಲ್ಲರೂ ಅದನ್ನು ಓದಿ, ತಮಗೆ ತಿಳಿದದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದ್ದು ಒಂದಕ್ಕೊಂದು ಕೂಡಿದರೆ ಕಾರ್ಡಿನ ಮೂಲೆಯಲ್ಲಿ ಸಣ್ಣ ಸಹಿ. ಕೂಡದಿದ್ದರೆ ಕಾರ್ಡು ಹರಿದು ಹೊಸದು. “ನಾ ಬರದಿದ್ದು ನಿನ್ನ ತೆಲಿಯೊಳಗ ಹೋದ ಮ್ಯಾಲ ಏನಾಗೇತಿ ಅಂತ ನನಗ ಹೆಂಗ ಗೊತ್ತಾಗಬೇಕೋ ತಮ್ಮಾ? ಹೇಳು, ಕೇಳ್ತೀನಿ” ಎನ್ನುತ್ತಿದ್ದರು. ಕೇಳುವಾಗ ನೆಟ್ಟಗಾಗದ ಆ ಕಿರುಬೆರಳನ್ನು ಎಡಗೈಯಿಂದ ತಿಕ್ಕುತ್ತ ಕೂರುತ್ತಿದ್ದರು. ಕೋರ್ಟಿನ ಅಭ್ಯಾಸ. ಗಾಲಿ ಇರುವ ಕುರ್ಚಿಯಲ್ಲಿ ಒಂದು ದಿನವೂ ಕೂರಲಿಲ್ಲ, ಪ್ಲಾಸ್ಟಿಕ್ಕಿನ ನಾಲ್ಕು ಕಾಲಿನ ಕುರ್ಚಿಯೇ ಆಗಬೇಕು.

ಊಟದ ಹೊತ್ತಿನ ಮಾತನ್ನೂ ಹೇಳಬೇಕು. ಅಕ್ಕಾರು ರಾಯಬಾಗ ಕಡೆಯ ಹಳ್ಳಿಯ, ಬಾಬಾಸಾಹೇಬರ ದಾರಿ ಹಿಡಿದು ಬೌದ್ಧರಾದ ಮನೆತನದವರು. ತಂದೆ ತಾಯಿ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿದವರು. ನಾವೆಲ್ಲ ಡಬ್ಬಿ ಬಿಚ್ಚಿ ಒಬ್ಬರದನ್ನೊಬ್ಬರು ಹಂಚಿಕೊಳ್ಳುತ್ತಿದ್ದೆವು. ಅಕ್ಕಾರ ಡಬ್ಬಿಗೆ ಮಾತ್ರ ಯಾರೂ ಕೈ ಹಾಕುತ್ತಿರಲಿಲ್ಲ. ಹಾಗೆ ಮಾಡೋಣವೆಂದು ಯಾರೂ ಮಾತಾಡಿಕೊಂಡಿರಲಿಲ್ಲ. ಬರೆದಿಟ್ಟಿರಲಿಲ್ಲ. ಆದರೂ ಎಲ್ಲರಿಗೂ ಒಂದೇ ತಿಳಿದಿತ್ತು. ಅವರು ಮೊದಲ ತಿಂಗಳು ಶೇಂಗಾ ಚಟ್ನಿಯನ್ನು ನಡುವೆ ಇಟ್ಟು ನೋಡಿದರು. ಆಮೇಲೆ ಇಡುವುದನ್ನು ಬಿಟ್ಟರು. ನನ್ನ ತಂದೆಯ ಕಬ್ಬಿನ ಹೊಲದಲ್ಲೂ ಅವರ ಹಳ್ಳಿಯ ಕಡೆಯ ಆಳುಗಳಿದ್ದರು. ನನಗೆ ಅದು ಗೊತ್ತೆಂದು ಅವರಿಗೂ ಗೊತ್ತಿತ್ತು.

ಒಮ್ಮೆ ಕರೆಂಟು ಹೋಗಿ ಎಲ್ಲರೂ ಸುಮ್ಮನೆ ಕೂತಿದ್ದಾಗ ಕೋರ್ಟಿನ ಒಂದು ಸಂಗತಿ ಹೇಳಿದ್ದರು. ಯಾವ ಊರೆಂದು ಹೇಳಲಿಲ್ಲ. ನೌಕರಿಯ ಮೊದಲ ವರ್ಷಗಳು. ಹೊಲದ ಬದುವಿನ ಜಗಳದಲ್ಲಿ ಒಬ್ಬ ಸತ್ತಿದ್ದ. ಆಪಾದಿತ ತನ್ನ ಹೇಳಿಕೆಯಲ್ಲಿ, “ಜಗ್ಗ್ಯಾಡೂ ಮುಂದ ಕುಡಗೋಲು ಬಡೀತ್ರಿ” ಎಂದ. ಜಗ್ಗಾಟದಲ್ಲಿ ಅದಾಗಿ ತಗುಲಿತು ಎಂದು ಅವನ ಮಾತಿನ ಅರ್ಥ. ಬೇರೆ ಕಡೆಯಿಂದ ಬಂದ ಅಧಿಕಾರಿಯೊಬ್ಬರು ‘ಕುಡಗೋಲಿನಿಂದ ಬಡಿದೆನು’ ಎಂದು ಹೇಳಿ ಬರೆಸಿದರು.

“ನನ್ನ ಬೆರಳು ಒಂದ ಸಲ ನಿಂತೂವು. ಆಮ್ಯಾಲ ಹೊಡದೆ. ಹೊಸಾ ನೌಕರಿ, ಎದ್ದು ಮಾತಾಡಾಕ ಅಂಜಿಕಿ. ಓದಿ ಹೇಳಿದಾಗ ಆ ಮನಷ್ಯಾ ಹೂಂ ಅಂದ. ಪುಸ್ತಕದ ಕನ್ನಡ ಅವಗ ತಿಳೀಲಿಲ್ಲ. ಜೈಲಿಗೆ ಹ್ವಾದ. ಅವನ ಹೇಣ್ತಿ ಮುಂದ ಎಷ್ಟ ವರ್ಷ ಕೋರ್ಟಿನ ಕಟ್ಟಿ ಮ್ಯಾಲ ಬಂದ ಕುಂಡರತಿದ್ಲು. ನಾ ಆಕಿ ಮುಂದ ಹಾದ ಹೋಗತಿದ್ದೆ.”

ಕರೆಂಟು ಬಂತು. ಅಕ್ಕಾರು ಕನ್ನಡಕ ಇಳಿಸಿ ಕೆಲಸಕ್ಕೆ ಕೂತರು.

ಹಾವಿನ ಔಷಧದ ಕೆಲಸ ಬಂದದ್ದು ಅದಾಗಿ ಒಂದು ವರ್ಷಕ್ಕೆ. ಒಂದು ಸೇವಾ ಸಂಸ್ಥೆ ನಮ್ಮ ಸುತ್ತಲಿನ ತಾಲೂಕುಗಳಲ್ಲಿ ಆಂಬುಲೆನ್ಸ್ ಓಡಿಸುತ್ತಿತ್ತು. ಕಬ್ಬು ಕಡಿಯುವ ಕಾಲದಲ್ಲಿ ಮರಾಠಿ ಸೀಮೆಯ ಬೀಡ ಕಡೆಯಿಂದ ಕೂಲಿಗಳ ತಂಡಗಳು ಬಂದು ಹೊಲದ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿರುತ್ತವೆ. ಪ್ರತಿ ವರ್ಷ ಅವರಲ್ಲಿ ಕೆಲವರಿಗೆ ಹಾವು ಕಚ್ಚುತ್ತದೆ. ಔಷಧ ಎಲ್ಲಿದೆಯೆಂದು ಗೊತ್ತಾಗದೆ ಗಾಡಿಗಳು ಊರಿಂದೂರಿಗೆ ಅಲೆಯುತ್ತಿದ್ದವು. ಸಂಸ್ಥೆಯ ಕಾರ್ಯದರ್ಶಿ ನಮ್ಮ ಆಫೀಸಿಗೆ ಬಂದು ತಮಗೆ ಬೇಕಾದದ್ದನ್ನು ಒಂದೇ ಮಾತಿನಲ್ಲಿ ಹೇಳಿದರು: “ಯಾವ ದವಾಖಾನ್ಯಾಗ ಔಷಧ ಐತಿ ಅನ್ನೋದು ಪರದೆ ಮ್ಯಾಲ ಕಾಣಬೇಕು. ಐತಿ ಅಂದ್ರ ಹಸಿರು, ಇಲ್ಲ ಅಂದ್ರ ಕೆಂಪು. ಡ್ರೈವರ್ ಫೋನ್ ಮಾಡ್ತಾನ, ನಮ್ಮ ಹುಡುಗಿ ನೋಡಿ ಹೇಳ್ತಾಳ. ಮುಗೀತು.”

ಅಕ್ಕಾರು ಕೇಳಿದರು, “ಐತಿ ಅಂದ್ರ ಏನ್ರಿ ಸಾಹೇಬ್ರ?”

ಕಾರ್ಯದರ್ಶಿ ಮಾಲೀಕರ ಮುಖ ನೋಡಿದರು. “ಐತಿ ಅಂದ್ರ ಐತಿ. ಅದಕ್ಕೇನ ಅರ್ಥ ಹೇಳಬೇಕ್ರಿ?”

ಅಕ್ಕಾರು ಮತ್ತೆ ಕೇಳಲಿಲ್ಲ. ಮರುದಿನದಿಂದ ನಾಲ್ಕು ದಿನ ಆಫೀಸಿಗೆ ಬರಲಿಲ್ಲ. ಅಥಣಿ, ಕಾಗವಾಡ, ರಾಯಬಾಗ ಎಂದು ಬಸ್ಸಿನಲ್ಲಿ ಓಡಾಡಿ, ಸಣ್ಣ ದೊಡ್ಡ ದವಾಖಾನೆಗಳ ಬಾಗಿಲಲ್ಲಿ ಕೂತು ನೋಡಿಕೊಂಡು ಬಂದರು. ಒಂದು ಕಡೆ ಔಷಧ ಕೀಲಿ ಹಾಕಿದ ಫ್ರಿಜ್ಜಿನಲ್ಲಿತ್ತು, ಕೀಲಿ ಇಟ್ಟುಕೊಂಡವರು ಮಧ್ಯಾಹ್ನ ಮನೆಗೆ ಹೋಗುತ್ತಿದ್ದರು. ಇನ್ನೊಂದು ಕಡೆ ಬಾಟಲಿಗಳಿದ್ದವು, ಅವುಗಳ ತಾರೀಕು ಮುಗಿದಿತ್ತು. ಮತ್ತೊಂದು ಕಡೆ ಮೂರೇ ಬಾಟಲಿ; ಒಬ್ಬ ಮನುಷ್ಯನಿಗೆ ಮೊದಲ ಸಲಕ್ಕೇ ಹತ್ತು ಬೇಕು ಎಂದು ಅಲ್ಲಿಯ ನರ್ಸೇ ಹೇಳಿದ್ದಳು. ದಾಖಲೆಯ ಪುಸ್ತಕದಲ್ಲಿ ಮಾತ್ರ ಎಲ್ಲ ಕಡೆಯೂ ಔಷಧ ಇತ್ತು.

ಅವರು ತಂದ ಕಾರ್ಡು ನನಗೆ ಇವತ್ತಿಗೂ ಬಾಯಿಪಾಠ. ‘ಹಸಿರು ಎಂದರೆ: ಹತ್ತು ಬಾಟಲಿಗಿಂತ ಕಡಿಮೆ ಇರಬಾರದು. ತಾರೀಕು ಮುಗಿದಿರಬಾರದು. ಕೀಲಿ ಇರುವವರು ಹಾಜರಿರಬೇಕು. ಇಂಜೆಕ್ಷನ್ ಕೊಡುವ ಡಾಕ್ಟರು ಹಾಜರಿರಬೇಕು. ಇವಿಷ್ಟನ್ನೂ ಇವತ್ತೇ ಒಬ್ಬರು ಕಣ್ಣಾರೆ ನೋಡಿ ಫೋನಿನಲ್ಲಿ ಹೇಳಿರಬೇಕು. ಐದರಲ್ಲಿ ಒಂದು ತಪ್ಪಿದರೂ ಕೆಂಪು.’

ಸ್ಪ್ರಿಂಟ್ ಮುಗಿಯಲು ಎರಡು ದಿನ ಉಳಿದಿತ್ತು. ಸೋಮವಾರ ಉದ್ಘಾಟನೆ, ಅತಿಥಿಗಳನ್ನು ಕರೆದು ಪೆಂಡಾಲು ಹಾಕಿಸಿ ಆಗಿತ್ತು. ಮಾಲೀಕರು ನನ್ನನ್ನು ಕರೆದು ಆಗುತ್ತದೆಯೇ ಎಂದರು. ಆಗುತ್ತದೆ ಎಂದೆ. ನನ್ನ ಮೇಜಿಗೆ ಬಂದು ಹೊಸ ಕಾರ್ಡು ಬರೆದೆ: ‘ದಾಸ್ತಾನು ಸೊನ್ನೆಗಿಂತ ಹೆಚ್ಚಿದ್ದರೆ ಹಸಿರು.’ ಅಕ್ಕಾರ ಐದು ಮಾತುಗಳನ್ನು ಬೋರ್ಡಿನ ‘ಮುಂದಿನ ಸ್ಪ್ರಿಂಟ್’ ಅಂಕಣಕ್ಕೆ ಸರಿಸಿದೆ.

ನನ್ನ ಕಾರ್ಡಿಗೆ ಎಲ್ಲರೂ ಸಹಿ ಹಾಕಿದರು. ಅಕ್ಕಾರು ಹಾಕಲಿಲ್ಲ.

“ತಮ್ಮಾ, ಹಸಿರು ಕಂಡ ಡ್ರೈವರ್ ಏನಂತ ತಿಳಕೊಳ್ತಾನ?”

“ಅಕ್ಕಾರ, ನನಗ ಗೊತ್ತೈತ್ರಿ. ಮುಂದಿನ ವಾರ ಮಾಡೂಣು. ಸೋಮವಾರ ಒಂದ ದಾಟಲಿ.”

“ಗೊತ್ತಿಲ್ಲದ ಮಾಡಿದ್ರ ಕುಂತ ಹೇಳತಿದ್ದೆ. ಗೊತ್ತಿದ್ದವಗ ನಾ ಏನ ಹೇಳ್ಲಿ?” ಎಂದು ತಮ್ಮ ಹಳೆಯ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡರು.

ಸೋಮವಾರ ದಾಟಿತು. ಹಾರ, ಫೋಟೋ, ಭಾಷಣ ಎಲ್ಲ ಆಯಿತು. ಮುಂದಿನ ವಾರ ತಂಬಾಕಿನವರ ಅವಸರದ ಕೆಲಸವೊಂದು ಬಂತು. ಅದರ ಮುಂದಿನ ವಾರ ಮತ್ತೊಂದು. ಪ್ರತಿ ಬೆಳಿಗ್ಗೆ ನಿಂತು ಮಾತಾಡುವಾಗ ಅಕ್ಕಾರು ತಮ್ಮ ಸರದಿ ಬಂದಾಗ ಒಂದೇ ಮಾತು ಹೇಳುತ್ತಿದ್ದರು: “ಹಸಿರು ಇನ್ನೂ ತಪ್ಪೈತಿ.” ಮೊದಮೊದಲು ಕೇಳಿಸುತ್ತಿತ್ತು. ಆಮೇಲೆ ಗೋಡೆಯ ಗಡಿಯಾರದ ಸದ್ದಿನಂತೆ ಕಿವಿಗೆ ಒಗ್ಗಿಹೋಯಿತು.

ಜನವರಿಯ ಒಂದು ಬೆಳಿಗ್ಗೆ ಹೀಗೆಯೇ ನಿಂತಿದ್ದೆವು. ದಸ್ತಗೀರ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. ಅವನನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಅಂಗಿಯ ಎದೆಯ ಮೇಲೆ ವಾಂತಿಯ ಕಲೆ ಒಣಗಿತ್ತು.

“ಈ ಪರದೆ ಮಾಡಿದವರು ನೀವೇನ್ರಿ? ಹಸಿರು ಅಂದ್ರ ಏನ್ರಿ? ಯಾರರೇ ಹೇಳ್ರಿ ನನಗ.”

ನಿಂತಲ್ಲೇ ಎಲ್ಲವನ್ನೂ ಹೇಳಿದ. ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಕಾಗವಾಡದಿಂದ ಅಥಣಿ ಕಡೆಗಿನ ಒಂದು ಹೊಲದಲ್ಲಿ ಕಬ್ಬು ಕಡಿಯುತ್ತಿದ್ದ ಹೆಂಗಸಿಗೆ ಕೊಳಕುಮಂಡಲ ಹಾವು ಕಚ್ಚಿತ್ತು. ಇವನು ಬೇಗನೇ ಮುಟ್ಟಿದ್ದ. ಗಾಡಿಗೆ ಹಾಕಿಕೊಂಡು ಫೋನ್ ಮಾಡಿದ. ಹತ್ತಿರದ ಒಂದು ಸಣ್ಣ ದವಾಖಾನೆ ಹಸಿರಿದೆ ಎಂದರು. ಅಲ್ಲಿಂದ ನೇರ ಮೀರಜದ ದೊಡ್ಡ ದವಾಖಾನೆಗೆ ಹೋಗಿದ್ದರೆ ಒಂದು ತಾಸಿನೊಳಗೆ ಮುಟ್ಟಬಹುದಿತ್ತು. ಹಸಿರೆಂದ ಮೇಲೆ ಅಲ್ಲಿಗೇ ತಿರುಗಿಸಿದ. ಡಾಕ್ಟರು ಇರಲಿಲ್ಲ, ಕರೆಸುವುದಕ್ಕೆ ಮುಕ್ಕಾಲು ತಾಸು. ಬಂದು ಫ್ರಿಜ್ ತೆಗೆದರೆ ಎರಡು ಬಾಟಲಿ. ಅವೆರಡನ್ನೂ ಕೊಟ್ಟು ಮೀರಜಕ್ಕೆ ಒಯ್ಯಿರಿ ಎಂದರು. ಮೀರಜ ಮುಟ್ಟುವ ಮೊದಲೇ ಒಸಡಿನಿಂದ ರಕ್ತ ಬರತೊಡಗಿತು. ಊರ ಹೊರಗಿನ ರಸ್ತೆಯಲ್ಲೇ ಜೀವ ಹೋಯಿತು.

“ಆಕಿ ಗಂಡ ನನ್ನ ಬಾಜೂಕ ಕುಂತಿದ್ದ. ದಾರಿ ತುಂಬ ಒಂದ ಕೇಳಿದ್ರಿ. ಔಷಧ ಐತಿ ಅಂದಿದ್ರಲ್ಲ, ಐತಿ ಅಂದಿದ್ರಲ್ಲ ಅಂತ. ನಾ ಏನ ಹೇಳಲಿ?”

ಮೊದಲು ಅಲುಗಾಡಿದವರು ಅಕ್ಕಾರು. “ತಮ್ಮಾ, ಮೊದಲ ಆ ಪರದೆ ಬಂದ ಮಾಡು. ಇವತ್ತೂ ಯಾರರೇ ನೋಡಿ ಗಾಡಿ ತಿರುಗಸ್ತಾರ. ಉಳಿದ ಮಾತು ಆಮ್ಯಾಲ” ಎಂದರು. ದಸ್ತಗೀರನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ನಾನು ಎಲ್ಲ ದವಾಖಾನೆಗಳನ್ನೂ ಕೆಂಪು ಮಾಡಿದೆ. ಹತ್ತು ನಿಮಿಷದ ಕೆಲಸ.

ಅದೇ ಮಧ್ಯಾಹ್ನ ಸಭೆ. ಕಾರ್ಯದರ್ಶಿ ಕೇಳಿದ್ದು ಒಂದೇ ಪ್ರಶ್ನೆ: “ಹಸಿರು ಅಂದ್ರ ಏನು ಅಂತ ಬರದವರು ಯಾರು?”

ಮಾಲೀಕರು ನನ್ನನ್ನು ನೋಡಿದರು. ಆಮೇಲೆ ಅಕ್ಕಾರನ್ನು ನೋಡಿದರು. “ನಮ್ಮಲ್ಲಿ ಬರೆಯೂ ಕೆಲಸ ಎಲ್ಲಾ ಅಕ್ಕಾರದ್ರಿ” ಎಂದರು. ಅದು ಸುಳ್ಳಲ್ಲ. ಅಲ್ಲಿಗೇ ನಿಲ್ಲಿಸಿದ್ದು ಸುಳ್ಳು.

ಕಾರ್ಯದರ್ಶಿ ಅಕ್ಕಾರ ಕಡೆ ತಿರುಗದೆ ಮಾಲೀಕರಿಗೇ ಹೇಳಿದರು: “ಇಂಥಾ ಕೆಲಸ ಅಂಥವರ ಕೈಯಾಗ ಕೊಟ್ರ ಹಿಂಗ ಆಗೂದು.”

‘ಅಂಥವರು’ ಎಂದರೆ ಏನು ಎಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಆ ಮಾತಿಗೆ ಕಾರ್ಡು ಬೇಕಿರಲಿಲ್ಲ, ಉದಾಹರಣೆ ಬೇಕಿರಲಿಲ್ಲ. ಎಲ್ಲರಿಗೂ ಒಂದೇ ತಿಳಿಯಿತು.

ಅಕ್ಕಾರ ತೊಡೆಯ ಮೇಲೆ ಚೀಲವಿತ್ತು. ಅದರೊಳಗೆ ಅವರ ಕಾರ್ಡಿತ್ತು, ನನಗೆ ಗೊತ್ತಿತ್ತು. ಅವರು ನನ್ನ ಕಡೆ ನೋಡಿದರು. ನಾನು ಒಂದು ವಾಕ್ಯ ಹೇಳುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದರು. ನಾನು ಮೇಜಿನ ಮೇಲಿದ್ದ ನೀರಿನ ಗ್ಲಾಸು ನೋಡುತ್ತಿದ್ದೆ.

“ಆ ಹೆಣ್ಮಗಳ ಹೆಸರ ಏನ್ರಿ?” ಎಂದರು ಅಕ್ಕಾರು, ಎಲ್ಲರಿಗೂ. ಯಾರಿಗೂ ಗೊತ್ತಿರಲಿಲ್ಲ. ಅವರು ಎದ್ದರು.

ಮೆಟ್ಟಿಲ ಮೇಲೆ ಹಿಂದೆ ಓಡಿಹೋಗಿ ಕೇಳಿದೆ. “ಅಕ್ಕಾರ, ಕಾರ್ಡು ಯಾಕ ತೋರಸಲಿಲ್ರಿ?”

“ತೋರಸಬೇಕಾದವಳು ನಾ ಅಲ್ಲೋ” ಎಂದರು. ದನಿ ಏರಿರಲಿಲ್ಲ. ಕೆಳಗಿನ ಗೊಬ್ಬರದಂಗಡಿಯವನಿಗೆ ಹೋಗಿಬರುತ್ತೇನೆಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ನಾಲ್ಕು ದಿನ ಬಿಟ್ಟು ಒಮ್ಮೆ ಬಂದರು, ಕೊನೆಯ ಸಲ. ಕಾಗವಾಡದ ಕಡೆ ಆ ಗುಡಿಸಲುಗಳಿಗೆ ಹೋಗಿ ಬಂದಿದ್ದರು. ಸತ್ತವಳ ಹೆಸರು ಮಂದಾ. ಅವಳ ಗಂಡ ಹೇಳಿದ್ದನ್ನು ಮರಾಠಿಯಲ್ಲೇ, ಒಂದು ಪದವನ್ನೂ ತಿದ್ದದೆ ಬರೆದುಕೊಂಡಿದ್ದರು. ಸುಜಾತಾಳನ್ನು ಕರೆದು ಓದಲು ಹೇಳಿದರು. ಅರ್ಧ ಪುಟವೂ ಇರಲಿಲ್ಲ. ಮಗುವಿಗೆ ಮೂರು ವರ್ಷ, ರಾತ್ರಿ ತಾಯಿಯನ್ನು ಕೇಳುತ್ತದೆ, ಏನು ಹೇಳಬೇಕು ತಿಳಿಯುವುದಿಲ್ಲ ಎಂದಿತ್ತು. ಕೂಲಿಗಳ ತಂಡವನ್ನು ಕರೆತಂದ ಮುಕಾದಮ ಮೂರನೇ ದಿನವೇ ತನ್ನನ್ನು ಕೆಲಸಕ್ಕೆ ಹತ್ತಿಸಿದ ಎಂದಿತ್ತು. ಕೊನೆಗೆ, ‘ಔಷಧ ಆಹೇ ಮ್ಹಣಾಲೇ, ಮ್ಹಣೂನ ಗೇಲೋ’ ಎಂದಿತ್ತು. ಔಷಧ ಇದೆ ಎಂದರು, ಅದಕ್ಕೇ ಹೋದೆವು. ಸುಜಾತಾ ಓದಿ ಮುಗಿಸಿ ಅಳತೊಡಗಿದಳು. ಅಕ್ಕಾರು ಆ ಹಾಳೆಯನ್ನು ಬೋರ್ಡಿಗೆ ಸಿಕ್ಕಿಸಿದರು. ಮಾಲೀಕರು ಸಂಜೆ ಅದನ್ನು ತೆಗೆದರು.

ಅಕ್ಕಾರ ಐದು ಮಾತುಗಳನ್ನು ನಾನು ಆ ವಾರವೇ ಪರದೆಗೆ ಸೇರಿಸಿದೆ. ಎರಡೂವರೆ ದಿನ ಹಿಡಿಯಿತು. ಬರೀ ಎರಡೂವರೆ ದಿನ. ಹಸಿರು ತೋರುವ ದವಾಖಾನೆಗಳು ಬೆರಳೆಣಿಕೆಗೆ ಇಳಿದವು, ಆದರೆ ಹಸಿರಿದ್ದ ಕಡೆ ಜೀವಗಳು ಉಳಿದವು. ಸಂಸ್ಥೆಯವರು ಮೆಚ್ಚಿದರು. ನಮಗೆ ಕೆಲಸ ಹೆಚ್ಚಿತು. ಕಾರ್ಡು ಬರೆಯುವುದು, ಓದಿ ತಿರುಗಿ ಹೇಳುವುದು, ಮೂಲೆಯ ಸಹಿ ಎಲ್ಲ ಆಫೀಸಿನಲ್ಲಿ ಉಳಿಯಿತು. ಅಕ್ಕಾರ ಹೆಸರು ಮಾತ್ರ ಉಳಿಯಲಿಲ್ಲ. ಕೆಲ ವರ್ಷಗಳ ಮೇಲೆ ಒಂದು ಕಾಲೇಜಿನವರು ಕರೆದಾಗ ಮಕ್ಕಳ ಮುಂದೆ ನಿಂತು, ಗಿರಾಕಿಗೆ ಬೇಕಾದದ್ದನ್ನು ಹೇಗೆ ಬರೆಯಬೇಕು ಎಂದು ಭಾಷಣ ಮಾಡಿದೆ. ‘ಕಬ್ಬು ಬಂತು’ ಎನ್ನುವ ಸಂಗತಿಯನ್ನು ಹೇಳಿದೆ. “ನಾವು ಕಾರ್ಖಾನೆಯ ಅಂಗಳಕ್ಕೆ ಹೋದೆವು” ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಒಮ್ಮೆ ಅವರನ್ನು ಕುಡಚಿ ಸ್ಟೇಷನ್ನಿನಲ್ಲಿ ಕಂಡೆ. ಸೊರಗಿದ್ದರು. ನಾಲ್ಕಾರು ಹೆಂಗಸರು ಸುತ್ತ ಕೂತಿದ್ದರು; ಅವರಿಗೆ ಯಾವುದೋ ಪಿಂಚಣಿಯ ಅರ್ಜಿ ಬರೆದುಕೊಡುತ್ತಿದ್ದರು. ನನ್ನನ್ನು ಗುರುತಿಸಿ, “ಚಂದ ಅದೀಯೇನೋ ತಮ್ಮಾ?” ಎಂದರು. ಗಾಡಿ ಬರುವುದಕ್ಕೆ ಇಪ್ಪತ್ತು ನಿಮಿಷವಿತ್ತು. ಗಾಡಿ ಬಂತೆಂದು ಹೇಳಿ ಪ್ಲಾಟ್‌ಫಾರಂನ ಇನ್ನೊಂದು ತುದಿಗೆ ಹೋದೆ.

ದಸ್ತಗೀರನ ಫೋನು ಬಂದು ಐದು ದಿನಕ್ಕೆ ಅವರ ಹಳ್ಳಿಗೆ ಹೋದೆ. ಎರಡು ಕೋಣೆಯ ಮನೆ. ಬುದ್ಧನ ಮೂರ್ತಿ, ಬಾಬಾಸಾಹೇಬರ ಫೋಟೋ, ಪಕ್ಕದಲ್ಲಿ ಅಕ್ಕಾರ ಹೊಸ ಫೋಟೋ. ಅವರ ಮಗಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಬಿಳಿಯ ಸೀರೆಯಲ್ಲಿದ್ದಳು. ಕೂರಲು ಚಾಪೆ ಹಾಸಿದಳು. ಕಿಡ್ನಿ ಕೆಟ್ಟಿತ್ತು, ಎರಡು ವರ್ಷ ನರಳಿದರು ಎಂದಳು.

“ನೀವು ಯಾರ್ರಿ? ಅವ್ವನ ಜೋಡಿ ಕೋರ್ಟಿನ್ಯಾಗ ಇದ್ರೇನು?”

“ಇಲ್ರಿ, ಚಿಕ್ಕೋಡ್ಯಾಗ. ಕಂಪ್ಯೂಟರ್ ಆಫೀಸಿನ್ಯಾಗ.”

ಅವಳ ಮುಖ ಬದಲಾಯಿತು. “ಆ ಕೆಲಸ ಅಂದ್ರ ಅವ್ವಗ ಭಾಳ ಜೀವ ಇತ್ರಿ. ಒಂದ ದಿನ ಬಂದು ಇನ್ನ ಹೋಗಾಂಗಿಲ್ಲ ಅಂದ್ಲು. ಯಾಕ ಅಂತ ಎಷ್ಟ ಕೇಳಿದ್ರೂ ಹೇಳ್ಲಿಲ್ಲ. ಊರಾಗ ಮಂದಿ ಏನೇನೋ ಅಂದ್ರು. ಈಕಿ ತಪ್ಪಿಗಿ ಯಾರೋ ಸತ್ರಂತ ಅಂದ್ರು. ಖರೇ ಏನ್ರಿ?”

ನಾನು ಹೇಳಿದೆ. ಮೊದಲಿಂದ ಕೊನೆಯವರೆಗೂ ಹೇಳಿದೆ. ಅವರ ಕಾರ್ಡು, ನನ್ನ ಕಾರ್ಡು, ಸಭೆ, ನೀರಿನ ಗ್ಲಾಸು. ಅವಳು ಕೇಳುತ್ತ ಕೇಳುತ್ತ ಸೆರಗಿನ ಅಂಚನ್ನು ಮಡಚಿ ಮಡಚಿ ಗಂಟಿನಷ್ಟು ಮಾಡಿದ್ದಳು.

“ನನ್ನ ಮುಂದ ಹೇಳಿ ಏನ ಮಾಡ್ತೀರಿ?” ಎಂದಳು ಕೊನೆಗೆ. “ನಾ ಹೌದು ಅಂತೀನಿ, ನಿಮಗ ಹಗರ ಆಗತೈತಿ, ಮನೀಗೆ ಹೋಗ್ತೀರಿ. ಎಲ್ಲಿ ಬಾಯಿ ಬಿಡಬೇಕಿತ್ತೋ ಅಲ್ಲಿ ಹೋಗಿ ಹೇಳ್ರಿ. ಏಳ್ರಿ.”

ಬಾಗಿಲವರೆಗೂ ಬರಲಿಲ್ಲ.

ಆ ವಾರವೇ ನಡೆದದ್ದನ್ನೆಲ್ಲ ಒಂದು ಪತ್ರದಲ್ಲಿ ಬರೆದು ಮಾಲೀಕರಿಗೂ ಕಾರ್ಯದರ್ಶಿಯವರಿಗೂ ಕೈಯಾರೆ ಕೊಟ್ಟೆ. ಅದನ್ನು ಸಂಸ್ಥೆಯ ದಾಖಲೆಗೆ ಸೇರಿಸಬೇಕು, ಒಂದು ಪ್ರತಿ ಅಕ್ಕಾರ ಮಗಳಿಗೆ ಹೋಗಬೇಕು ಎಂದೆ. ಮಾಲೀಕರು ಓದಿ ತಲೆ ಬಗ್ಗಿಸಿ ಕೂತರು. ಕಾರ್ಯದರ್ಶಿಗೆ ಈಗ ವಯಸ್ಸಾಗಿದೆ. ಎರಡು ಸಲ ಓದಿದರು. ಇಷ್ಟು ವರ್ಷದ ಮೇಲೆ ಯಾತಕ್ಕೆ ಎಂದರು. ನಾನು ಏಳದೇ ಇದ್ದಾಗ ಪೆನ್ನು ತೆಗೆದು, ‘ಹಸಿರಿನ ಅರ್ಥ ಬದಲಿಸಿದವನು ನಾನು’ ಎಂಬ ಸಾಲಿನ ಮೇಲೆ ಇಟ್ಟರು.

“ಸೇರಸೂಣು. ಇಲ್ಲೊಂದು ಮಾತು ಹಾಕ್ರಿ. ‘ತಪ್ಪು ತಿಳುವಳಿಕೆಯಿಂದ’ ಅಂತ. ಅಷ್ಟ ಹಾಕಿದ್ರ ನಿಮಗೂ ಛಲೋ, ನಮಗೂ ಛಲೋ. ಯಾರರೇ ಓದಿದ್ರ ಅವರಿಗೂ ತಿಳೀತೈತಿ.”

ಪೆನ್ನು ನನ್ನ ಕಡೆ ಚಾಚಿದ್ದರು. ನಾನು ತೆಗೆದುಕೊಳ್ಳಲಿಲ್ಲ.

“ತಿಳುವಳಿಕಿ ತಪ್ಪಿರಲಿಲ್ರಿ” ಎಂದೆ. “ಅಕ್ಕಾರು ತಿಳಿಯೂ ಹಂಗ ಬರದಿದ್ರು. ನನಗ ಪೂರಾ ತಿಳಿದಿತ್ತು.”